ಬೆಂಕಿ ಕಾಣದ ತಮಟೆ

ಬೆಳಗಿನ ಐದೂಕಾಲು. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಲಾರಿಯ ಹಿಂಬಾಗಿಲು ತೆರೆದಿದೆ. ಹಮಾಲಿ ಆನಂದಪ್ಪ ಬೆನ್ನು ಕೊಟ್ಟು ನಿಲ್ಲುತ್ತಾರೆ, ಮೇಲಿದ್ದವರು ಚೀಲ ಇಳಿಸುತ್ತಾರೆ. ಇವರು ಅದನ್ನು ಹೊತ್ತು ಮಂಡಿಯೊಳಗೆ ಒಟ್ಟಿ ಮತ್ತೆ ಲಾರಿಯ ಬಳಿ ಬರುತ್ತಾರೆ. ದಿನಕ್ಕೆ ನೂರು ಚೀಲ, ಮಾಲು ಜಾಸ್ತಿ ಬಂದ ದಿನ ನೂರೈವತ್ತು. ವಯಸ್ಸು ಐವತ್ತೇಳು. ಇವತ್ತು ಶನಿವಾರವಾದ್ದರಿಂದ ನಡಿಗೆ ತುಸು ಬಿರುಸಾಗಿದೆ.

"ಅತ್ತು ಗಂಟೆಗೆ ಮುಗಿಸ್ಬೇಕು ಸಾ. ಮನೆಗೋಗಿ ತಮಟೆ ಬಿಸಿಲಿಗಿಡ್ಬೇಕು. ಸಂಜೆ ಮ್ಯಾಚ್ ಐತೆ."

ಬಾಗಲೂರು ರಸ್ತೆ ಬದಿಯ ಫುಟ್‌ಬಾಲ್ ಮೈದಾನದಲ್ಲಿ ಆನಂದಪ್ಪ ಮೂವತ್ತೊಂದು ವರ್ಷದಿಂದ ತಮಟೆ ಬಾರಿಸುತ್ತಿದ್ದಾರೆ. ಆಡಿದವರ ಹೆಸರು ಸುತ್ತ ಹತ್ತೂರಿಗೆ ಗೊತ್ತು. ಇವರ ಹೆಸರು ಒಂದು ಕರಪತ್ರದಲ್ಲೂ ಅಚ್ಚಾಗಿಲ್ಲ. ಅಲ್ಲಿ ಆಡುತ್ತಿದ್ದುದು ಅವರ ಹಳ್ಳಿಯ ಹುಡುಗರೇ ಕಟ್ಟಿದ ತಂಡ. ಬೇಲಿ ಇರಲಿಲ್ಲ, ಟಿಕೆಟ್ ಇರಲಿಲ್ಲ, ಮಣ್ಣಿನ ದಿಬ್ಬವೇ ಗ್ಯಾಲರಿ. ಜಮೀನುದಾರರ ಮಕ್ಕಳೂ ಹಮಾಲರೂ ಅದರ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಆಟಕ್ಕೆ ಮುಂಚೆ ಆನಂದಪ್ಪ ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಶಾಖ ತಗುಲಿದರೆ ಚರ್ಮ ಬಿಗಿಯುತ್ತದೆ, ಇಲ್ಲವಾದರೆ ಸದ್ದು ಮಂಕು. ಕಾದ ತಮಟೆಗೆ ತಂಡದ ನಾಯಕ ತನ್ನ ಕೈಯಿಂದ ಒಂದು ಏಟು ಕೊಟ್ಟ ಮೇಲೆಯೇ ಆಟಗಾರರು ಮೈದಾನಕ್ಕಿಳಿಯುತ್ತಿದ್ದರು.

ಆ ಒಂದು ಏಟು ಏನೆಂದು ತಿಳಿಯಬೇಕಾದರೆ ಆನಂದಪ್ಪನವರ ತಂದೆಯ ಬದುಕು ಗೊತ್ತಿರಬೇಕು. ಊರಿನಲ್ಲಿ ಯಾರು ಸತ್ತರೂ ಅವರು ತಮಟೆ ಹಿಡಿದು ಹೋಗಲೇಬೇಕಿತ್ತು. ಹೆಣದ ಮುಂದೆ ಬಾರಿಸಿ, ಆಮೇಲೆ ದೂರ ಕೂತು ಉಣ್ಣಬೇಕಿತ್ತು.

"ನಮ್ಮಪ್ಪ ತೀರ್ಕೊಂಡ ದಿನಾನೇ, ಇನ್ಮೇಲೆ ಸಾವಿಗೆ ಬಾರ್ಸಲ್ಲ ಅಂದ್ಬುಟ್ಟೆ. ಗೋಲಿಗೆ ಮಾತ್ರ. ಆಗ ಅಶ್ವತ್ಥಣ್ಣ ಕ್ಯಾಪ್ಟನ್ನು, ದೊಡ್ಡ ಮನೆಯೋರು. ಅವ್ರೇ ಬಂದು ತಮಟೆ ಮೇಲೆ ಕೈ ಆಕಿದ್ರು. ಅವ್ರ ಮನೆಯೋರು ಅದುವರ್ಗೂ ನಮ್ ತಮಟೆ ಮುಟ್ಟಿರ್ಲಿಲ್ಲ ಸಾ."

ಮೂರು ವರ್ಷದ ಹಿಂದೆ ಕಂಪನಿಯೊಂದು ತಂಡವನ್ನು ಕೊಂಡಿತು. ತಂಡಕ್ಕೆ ಇಂಗ್ಲಿಷ್ ಹೆಸರು ಬಂತು, ದಿಬ್ಬ ಸಮವಾಗಿ ಕುರ್ಚಿಗಳು ಬಂದವು, ಸುತ್ತ ತಗಡಿನ ಬೇಲಿ ಎದ್ದಿತು. ಮೊದಲ ಮ್ಯಾಚಿನ ದಿನವೇ ಗೇಟಿನಲ್ಲಿ ಜೇಬು ತಡಕಿ ಆನಂದಪ್ಪನವರ ಬೆಂಕಿಪೊಟ್ಟಣವನ್ನು ನೀಲಿ ಬಕೆಟ್ಟಿಗೆ ಹಾಕಿದರು. ಮುಂದಿನ ವಾರ ಅವರು ಹೊರಗೇ ತಮಟೆ ಕಾಯಿಸಿಕೊಂಡು ಬಂದರು. ಸಾಲು ಕರಗಿ ಒಳಗೆ ಹೋಗುವಷ್ಟರಲ್ಲಿ ಅದು ತಣ್ಣಗಾಗಿತ್ತು. ಹಾಗೇ ಬಾರಿಸಿದರು, ಮೂರು ವರ್ಷ. ನಾಯಕನ ಏಟು ಮೊದಲ ವರ್ಷವೇ ನಿಂತುಹೋಯಿತು. ದಿಬ್ಬದ ಮೇಲೆ ನಿಲ್ಲುತ್ತಿದ್ದ ಹಳಬರೂ ಒಬ್ಬೊಬ್ಬರಾಗಿ ಕರಗಿದರು. ಈಗ ಅಲ್ಲಿರುವವರಿಗೆ ಫ್ಯಾನ್ ಎಂದು ಹೆಸರು. ಜೆರ್ಸಿ ಕೊಂಡವನು ಫ್ಯಾನ್, ಪರದೆಯ ಮೇಲೆ ಚಪ್ಪಾಳೆ ಗುರುತು ಬಂದಾಗ ಚಪ್ಪಾಳೆ ತಟ್ಟುವವನು ಫ್ಯಾನ್. ನನಗಂತೂ ಅದನ್ನು ನೋಡಿದರೆ ಮೈ ಉರಿಯುತ್ತದೆ.

ಕಳೆದ ವರ್ಷ ಒಂದೇ ಒಂದು ದಿನ ಮೈದಾನದೊಳಗೆ ಬೆಂಕಿಗೆ ಅನುಮತಿ ಸಿಕ್ಕಿತ್ತು. ಮ್ಯಾಚ್ ಇಲ್ಲದ ದಿನ ಕ್ಯಾಮೆರಾ, ಮೈಕುಗಳ ಜತೆ ಕಂಪನಿಯವರು ಬಂದರು. ಹುಲ್ಲನ್ನೂ ಅವರೇ ತರಿಸಿದ್ದರು. ಆನಂದಪ್ಪ ಆಸೆಬುರುಕರ ಹಾಗೆ ಎರಡು ಗಂಟೆ ಬಾರಿಸಿದರು. ಕೊನೆಯಲ್ಲಿ ಕಂಪನಿಯವರು ಒಂದು ಜೆರ್ಸಿ ಕೊಟ್ಟು ಕಳಿಸಿದರು. ಹೆಂಡತಿ ಸುಬ್ಬಮ್ಮನವರಿಗೆ ಅವತ್ತೇ ಅನುಮಾನ.

"ಬೆಂಕಿಪೊಟ್ಣ ಕಿತ್ಕೊಳ್ಳೋರು ತಾವೇ ಬೆಂಕಿ ಆಕಿಸ್ತಾವ್ರೆ ಅಂದ್ರೆ ಏನೋ ಐತೆ ಅಂದೆ. ಈವಯ್ಯ ಕೇಳ್ಲಿಲ್ಲ, ಕುಣ್ಕೊಂಡು ಓದ."

ಮಧ್ಯಾಹ್ನ ಮೂರೂವರೆ. ನಾನೂ ಅವರ ಜತೆ ಗೇಟಿಗೆ ಬಂದಿದ್ದೇನೆ. ಹೊಸ ಸೀಸನ್ನಿನ ಮೊದಲ ಮ್ಯಾಚ್. ಗೇಟಿನ ಪಕ್ಕದಲ್ಲಿ ಎರಡಾಳೆತ್ತರದ ಚಿತ್ರವಿದೆ, ತಮಟೆ ಎತ್ತಿ ಹಿಡಿದ ಆನಂದಪ್ಪನವರದು. ಅದರ ಕೆಳಗೆ ನಿಂತ ಕಂಪನಿಯ ಮೋನಿಷಾ ನಗುತ್ತಲೇ ತಡೆಯುತ್ತಾರೆ.

"ಅಂಕಲ್, ಈ ಸೀಸನ್‌ನಿಂದ ಹೊರಗಿನ ವಾದ್ಯ ಅಲೌ ಇಲ್ಲ. ನೀವ್ ಬನ್ನಿ, ಸೀಟ್ ಇಟ್ಟಿದೀವಿ. ಇದನ್ನ ಮಾತ್ರ ಇಲ್ಲೇ ಇಟ್ಬಿಡಿ. ನಿಮ್ ಸೌಂಡ್ ಹೇಗೂ ನಮ್ ಹತ್ರ ಇದೆಯಲ್ಲಾ."

ಅಷ್ಟರಲ್ಲಿ ಅಶ್ವತ್ಥ್ ಅವರ ಕಾರು ಬರುತ್ತದೆ. ಮೈದಾನದ ಪಕ್ಕದ ಜಮೀನು ಕಂಪನಿಗೆ ಕೊಟ್ಟ ಮೇಲೆ ಮ್ಯಾಚ್ ನೋಡಲು ಅವರ ಜಾಗ ಗಣ್ಯರ ಗಾಜಿನ ಕೋಣೆಯಲ್ಲಿ. ಕಿಟಕಿ ಅರ್ಧ ಇಳಿಯುತ್ತದೆ.

"ರೂಲ್ಸ್ ಕಣೋ ಆನಂದಪ್ಪ. ನನ್ ಕೈಲೂ ಏನಿಲ್ಲ. ಇಟ್ಬಿಟ್ಟು ಬಾ ಒಳಗೆ."

ಮೂವತ್ತೊಂದು ವರ್ಷದ ಹಿಂದೆ ತಮಟೆಗೆ ಮೊದಲ ಏಟು ಕೊಟ್ಟ ಕೈ ಸ್ಟೇರಿಂಗ್ ಮೇಲಿದೆ. ಕಾರು ಒಳಗೆ ಹೋಗುತ್ತದೆ.

"ಇದನ್ನ ಒರಗಿಟ್ಟು ನಾನೊಬ್ನೇ ಒಳಕ್ಕೋಗಿ ಏನ್ ಮಾಡ್ಲಿ," ಎನ್ನುತ್ತಾ ಆನಂದಪ್ಪ ಬೇಲಿ ಸುತ್ತಿ ಹಿಂದಕ್ಕೆ ನಡೆಯುತ್ತಾರೆ. ಅಲ್ಲಿ ಎರಡು ತಗಡು ಕೂಡುವ ಕಡೆ ಬೆರಳಗಲದ ಸಂದಿಯಿದೆ. ಪಕ್ಕದಲ್ಲಿ ಬಿದ್ದಿದ್ದ ರಟ್ಟು ಕೂಡಿಸಿ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಾರೆ. ಇಲ್ಲಿ ಬೇಡವೆನ್ನುವವರು ಯಾರೂ ಇಲ್ಲ. ಬೆರಳಿನಿಂದ ತಟ್ಟಿ ನೋಡಿ, ಎದೆಗೆ ಆನಿಸಿಕೊಂಡು ಸಂದಿಗೆ ಕಣ್ಣಿಡುತ್ತಾರೆ.

ಆಟ ಶುರುವಾಗಿ ಇಪ್ಪತ್ತು ನಿಮಿಷದ ಹೊತ್ತಿಗೆ ಒಳಗೆ ಜನ ಕೂಗುತ್ತಾರೆ. ಮರುಕ್ಷಣ ಧ್ವನಿವರ್ಧಕಗಳಿಂದ ತಮಟೆ ಮೊಳಗುತ್ತದೆ. ಚೆನ್ನಾಗಿ ಕಾದ ತಮಟೆ, ಒಂದು ಏಟೂ ತಪ್ಪಿಲ್ಲ. ಅದು ಆನಂದಪ್ಪನವರದೇ ಕೈ. ನಾನು ಅವರ ಮುಖ ನೋಡುತ್ತೇನೆ. ಅವರ ಕೈಲಿರುವ ತಮಟೆ ಸುಮ್ಮನಿದೆ, ಕಣ್ಣು ಸಂದಿಯಲ್ಲೇ ಇದೆ.

"ಗೋಲಲ್ಲ ಸಾ," ಎನ್ನುತ್ತಾರೆ ನಿಧಾನವಾಗಿ. "ಲೈನ್‌ಮನ್ನು ಬಾವುಟ ಎತ್ತವ್ನೆ, ಆಫ್‌ಸೈಡು. ನಾನಾಗಿದ್ರೆ ಬಾರಿಸ್ತಿರ್ಲಿಲ್ಲ."