ಬಂಗಾರಮ್ಮನ ಬಾವಿಯ ಆಮೆ

1964ರ ಬೇಸಿಗೆಯಲ್ಲಿ ನಾನು ಸಾಗರದಲ್ಲಿ ಸರ್ಕಾರಿ ಪಶುವೈದ್ಯನಾಗಿದ್ದೆ. ಲಿಂಗನಮಕ್ಕಿಯ ಹಿನ್ನೀರು ಹೊನ್ನೆಮರಡಿನ ಆಸುಪಾಸಿನ ಹಳ್ಳಿಗಳಿಗೆ ಏರಿ ಬರುವ ಮೊದಲು ಜನರನ್ನೂ ದನಕರುಗಳನ್ನೂ ಬೇರೆಡೆಗೆ ಸಾಗಿಸಬೇಕಿತ್ತು. ಲಾರಿ ಹತ್ತುವ ಮುಂಚೆ ಎತ್ತು, ಎಮ್ಮೆಗಳಿಗೆ ಗಂಟಲುಬೇನೆಯ ಚುಚ್ಚುಮದ್ದು ಹಾಕುವುದು ನನ್ನ ಪಾಲಿನ ಕೆಲಸ. ಎಮ್ಮೆಗಳು ಒದ್ದವು, ತಿವಿದವು, ಅದೆಲ್ಲ ಮಾಮೂಲು. ನನ್ನನ್ನು ನಿಜವಾಗಿ ಸತಾಯಿಸಿದ್ದು ಒಂದು ಆಮೆ.

ಕುಡಿಯುವ ನೀರಿನ ಬಾವಿಗೆ ಆಮೆ ಬಿಡುವ ರೂಢಿ ನಮ್ಮ ಕಡೆ ಇದೆ. ಹುಳುಹುಪ್ಪಟೆ ತಿಂದು ಅದು ನೀರನ್ನು ಚೊಕ್ಕಟವಾಗಿಡುತ್ತದೆ, ಆಮೆ ಬಾಳಿದರೆ ನೀರು ಒಳ್ಳೆಯದು ಎಂಬುದು ಹಳಬರ ಲೆಕ್ಕ. ಗೇಣಿಗೆ ಗದ್ದೆ ಮಾಡಿಕೊಂಡಿದ್ದ ಬಂಗಾರಮ್ಮನ ಬಾವಿಯಲ್ಲೂ ಒಂದು ಕರಿ ಆಮೆ ಇತ್ತು. ಮನೆಯವರು ಅದನ್ನು ‘ಬಾವಿಯಪ್ಪ’ ಎಂದು ಕರೆಯುತ್ತಿದ್ದರು. ಮಗ ತಿಮ್ಮಪ್ಪನೂ ಸೊಸೆಯೂ ಸಾಮಾನು ಕಟ್ಟಿ ನಿಂತಿದ್ದರೆ, ಬಂಗಾರಮ್ಮ ಮಾತ್ರ ಬಾವಿಕಟ್ಟೆಯಿಂದ ಏಳಲಿಲ್ಲ. ನೀರು ಬಂದರೆ ಆಮೆ ತಾನೇ ಈಜಿಕೊಂಡು ಹೋಗುತ್ತದೆ, ಅದಕ್ಕೇನು ಲಾರಿ ಬೇಕೇ ಎಂದು ನಾನು ಬುದ್ಧಿವಂತನ ಹಾಗೆ ಕೇಳಿದೆ.

“ನಾ ಮದ್ವೆಯಾಗಿ ಬಂದ ವರ್ಷನೇ ನಮ್ಮತ್ತೆ ಇದನ್ನ ಬಾವಿಗೆ ಬಿಟ್ಟಿದ್ದು ಡಾಕ್ಟ್ರೇ. ಅಲ್ಲಿಂದೀಚೆ ಇಬ್ರೂ ಬೇರೆ ಊರು ಕಂಡಿಲ್ಲ. ನಾನೊಬ್ಳೇ ಲಾರಿ ಹತ್ತದು ಸರಿಯಾಗ್ತದಾ?” ಎಂದರು.

ಹಾಗಾದರೆ ಅದನ್ನೂ ಮೇಲೆತ್ತೋಣ ಎಂದೆ. ತಿಮ್ಮಪ್ಪ ಬಾವಿಗಿಳಿದು, ಕಲ್ಲಿನ ಸಂದಿಯಲ್ಲಿ ಅಡಗಿದ್ದ ಆಮೆಯನ್ನು ಹಿಡಿದು ಬುಟ್ಟಿಗೆ ಹಾಕಿದ. ನಾನು ಮೇಲಿನಿಂದ ಸೇದಿದೆ. ಬುಟ್ಟಿ ಕಟ್ಟೆಗಿಂತ ಮೇಲೆ ಬಂದು, ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಹಳೆಯ ಹಗ್ಗ ಹರಿಯಿತು. ಬುಟ್ಟಿ ಬಾವಿಕಟ್ಟೆಯ ಅಂಚಿಗೆ ಬಡಿದು ಹೊರಗೆ ಉರುಳಿತು. ಆಮೆಯ ಬೆನ್ನು ಬಿರುಕು ಬಿಟ್ಟು ರಕ್ತ ಒಸರತೊಡಗಿತು. ಬಂಗಾರಮ್ಮ ಅಳಲಿಲ್ಲ, ನನ್ನ ಮುಖವನ್ನೇ ನೋಡಿದರು. ಅದಕ್ಕಿಂತ ಅತ್ತಿದ್ದರೇ ವಾಸಿಯಿತ್ತು.

ಆಮೆಗೆ ಚಿಪ್ಪೆಂದರೆ ನಮಗೆ ಅಂಗಿಯಿದ್ದಂತಲ್ಲ. ಅದರ ಪಕ್ಕೆಲುಬುಗಳೇ ಅಗಲವಾಗಿ ಬೆಳೆದು, ಒಂದಕ್ಕೊಂದು ಬೆಸೆದು, ಬೆನ್ನುಮೂಳೆಯೊಂದಿಗೆ ಸೇರಿ ಚಿಪ್ಪಾಗಿವೆ. ಮೇಲಿನ ಪದರ ಮಾತ್ರ ನಮ್ಮ ಉಗುರಿನ ಜಾತಿಯದು. ಭೂಮಿಯ ಮೇಲೆ ಹಾವುಗಳು ಕಾಣಿಸಿಕೊಳ್ಳುವುದಕ್ಕೂ ಕೋಟ್ಯಂತರ ವರ್ಷ ಮೊದಲೇ ಆಮೆ ಈ ಏರ್ಪಾಡು ಮಾಡಿಕೊಂಡಿತ್ತು. ಹಾಗಾಗಿ ನನ್ನೆದುರಿಗಿದ್ದದ್ದು ಮುರಿದ ಪಕ್ಕೆಲುಬಿನ ರೋಗಿ. ಶ್ವಾಸಕೋಶ ಅದರ ಕೆಳಗೇ ಇರುತ್ತದೆ. ಬಿರುಕಿನಲ್ಲಿ ಗಾಳಿಯ ಗುಳ್ಳೆ ಏಳದಿದ್ದುದನ್ನು ಕಂಡು ನನಗೆ ಜೀವ ಬಂದಂತಾಯಿತು.

ಗಾಯ ತೊಳೆದು, ನೋವು ತಿಳಿಯದಂತೆ ಪ್ರೊಕೇನ್ ಕೊಟ್ಟು, ಕೀವಾಗದಂತೆ ಸಲ್ಫಾ ಪುಡಿ ಹಾಕಿದೆ. ಪಕ್ಕದ ಮನೆಯ ಬಡಗಿಯಿಂದ ಸಣ್ಣ ಬೈರಿಗೆ ತರಿಸಿ, ಕುದಿಸಿ, ಬಿರುಕಿನ ಎರಡೂ ಬದಿಗೆ ತೂತು ಕೊರೆದು, ಹೊಲಿಗೆಯ ತಂತಿಯಿಂದ ಬಿಗಿದೆ. ಅಂಚುಗಳಿಗೆ ಜೇನುಮೇಣ ಮೆತ್ತಿದೆ. ಹಾಗೆ ಮಾಡುವಾಗ ಆಮೆಯನ್ನು ತಿರುಗಿಸಿ ನೋಡಿದರೆ ಹೊಟ್ಟೆಯ ಕಡೆ ಚಪ್ಪಟೆಯಾಗಿತ್ತು. ಗಂಡಿಗಾದರೆ ಅಲ್ಲಿ ತುಸು ತಗ್ಗಿರುತ್ತದೆ. ನಿಮ್ಮ ಬಾವಿಯಪ್ಪ ಹೆಣ್ಣು ಎಂದು ತಿಳಿಸಿದೆ.

“ಅದಕ್ಕೇ ಮತ್ತೆ, ಇಷ್ಟು ವರ್ಷ ಒಂದೇ ಬಾವೀಲಿ ಬಾಳಿದ್ದು. ಗಂಡಾಗಿದ್ರೆ ಯಾವತ್ತೋ ಓಡಿ ಹೋಗ್ತಿತ್ತು,” ಎಂದು ಆಕೆ ಆ ಸಂಕಟದಲ್ಲೂ ನಕ್ಕರು.

ಚಿಪ್ಪು ಕೂಡಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಆಳದ ನೀರಿಗೆ ಬಿಡುವಂತಿಲ್ಲ. ನನ್ನ ಮನೆಯಲ್ಲಿಟ್ಟುಕೊಂಡು, ಗುಣವಾದ ಮೇಲೆ ನಾನೇ ತಂದುಕೊಡುತ್ತೇನೆಂದು ಮಾತು ಕೊಟ್ಟ ನಂತರವೇ ಬಂಗಾರಮ್ಮ ಲಾರಿ ಹತ್ತಿದ್ದು. ಆ ಮಳೆಗಾಲವೆಲ್ಲ ಆಮೆ ನಮ್ಮ ಬಚ್ಚಲಿನ ಪಕ್ಕ ಒದ್ದೆ ಗೋಣಿಯ ಮೇಲೆ ಕಾಲ ಕಳೆಯಿತು. ಶುರುವಿನಲ್ಲಿ ಮೂಗು ಮುರಿದ ನನ್ನ ಹೆಂಡತಿ, ಆಮೇಲೆ ನನಗಿಂತ ಮೊದಲು ಅದಕ್ಕೆ ಸೌತೆಕಾಯಿ ಹೆಚ್ಚಿಡತೊಡಗಿದಳು.

ದೀಪಾವಳಿ ಕಳೆದ ಮೇಲೆ ತಿಮ್ಮಪ್ಪ ಆಸ್ಪತ್ರೆಗೆ ಬಂದ. ಅವರಿಗೆ ಹೊಸನಗರ ತಾಲ್ಲೂಕಿನ ನಿಟ್ಟೂರಿನ ಕಡೆ ಜಾಗ ಸಿಕ್ಕಿತ್ತು. ಬಾವಿ ತೋಡಿಯಾಗಿತ್ತು, ನೀರೂ ಬಂದಿತ್ತು. ಆದರೆ ಅವ್ವ ಅದನ್ನು ಬಾಯಿಗೆ ಹಾಕುತ್ತಿಲ್ಲ, ದೂರದ ಹಳ್ಳದಿಂದ ಹೊತ್ತು ತರುತ್ತಾರೆ, ಪಾತ್ರೆಯ ಗೋಣಿಗಳನ್ನು ಕೂಡ ಬಿಚ್ಚಗೊಟ್ಟಿಲ್ಲ ಎಂದು ಹೇಳಿಕೊಂಡ. ಆಮೆ ಇದೆಯೋ ಹೋಯಿತೋ ಎಂದು ಕೇಳಲು ಅವನಿಗೆ ಧೈರ್ಯವಿರಲಿಲ್ಲ. ನಾನೇ ಮನೆಗೆ ಕರೆದುಕೊಂಡು ಹೋಗಿ ತೋರಿಸಿದೆ.

ಮಾರನೆಯ ಭಾನುವಾರ ಬುಟ್ಟಿಯಲ್ಲಿ ಆಮೆ ಇಟ್ಟುಕೊಂಡು ಬಸ್ಸು ಹತ್ತಿದೆ. ಇದಕ್ಕೆ ಹಾಫ್ ಟಿಕೆಟ್ಟಾ ಎಂದು ಕಂಡಕ್ಟರ್ ತಮಾಷೆ ಮಾಡಿದ. ಹೊಸ ಮನೆಯಂಗಳದಲ್ಲಿ ಬಂಗಾರಮ್ಮ ಆಮೆಯನ್ನು ಕೈಗೆತ್ತಿಕೊಂಡು, ಕೂಡಿಕೊಂಡಿದ್ದ ಗೆರೆಯ ಮೇಲೆ ಬೆರಳಾಡಿಸಿದರು. ಬುಟ್ಟಿಯನ್ನು ಬಾವಿಗೆ ಇಳಿಬಿಡಲು ಮಗನಿಗೆ ಕೊಡದೆ ಹೊಸ ಹಗ್ಗವನ್ನು ತಾವೇ ಹಿಡಿದರು. ಆಮೆ ಮುಳುಗಿತು. ನನ್ನ ತಂತಿಯ ಹೊಲಿಗೆ ತಡೆಯಿತೋ ಇಲ್ಲವೋ ಎಂದು ನಾನು ಕಟ್ಟೆಯ ಮೇಲಿಂದ ಬಗ್ಗಿ ನೋಡಿದೆ. ಸ್ವಲ್ಪ ಹೊತ್ತಿಗೆ ಅದರ ಮೂಗು ನೀರಿನ ಮೇಲೆ ಕಾಣಿಸಿತು, ಒಮ್ಮೆ ಉಸಿರೆಳೆದು ಮತ್ತೆ ಆರಾಮವಾಗಿ ಇಳಿದುಹೋಯಿತು.

ಬಂಗಾರಮ್ಮ ಒಂದು ಕೊಡ ನೀರು ಸೇದಿ ನನಗೆ ಕೊಟ್ಟರು, ತಾವೂ ಬೊಗಸೆಯಲ್ಲಿ ಕುಡಿದರು. ಆಮೇಲೆ ಮನೆಯ ಕಡೆ ತಿರುಗಿ ಸೊಸೆಗೆ, “ಗೋಣಿ ಬಿಚ್ಚೇ ಮಾರಾಯ್ತಿ. ಇನ್ನು ಇದೇ ಅಲ್ವಾ ನಮ್ಮನೆ,” ಎಂದರು.

ಗಾಯ ಮಾಯಿಸಿದರೆ ನನ್ನ ಕೆಲಸ ಮುಗಿಯಿತೆಂದು ಅಲ್ಲಿಯವರೆಗೆ ತಿಳಿದಿದ್ದೆ. ಆಮೇಲೆ ಸರ್ವಿಸ್ ಮುಗಿಯುವವರೆಗೂ ಯಾರೇ ಯಾವ ಜೀವವನ್ನು ಎತ್ತಿಕೊಂಡು ಬಂದರೂ, ಇದು ಬದುಕಿದರೆ ಎಲ್ಲಿಗೆ ಹೋಗಿ ಬಾಳುತ್ತದೆ ಎಂದು ಮೊದಲು ಕೇಳಿಯೇ ಮದ್ದಿನ ಪೆಟ್ಟಿಗೆ ತೆರೆಯುತ್ತಿದ್ದೆ.