ತುಕ್ಕಣ್ಣನ ಭುಜದ ಮೇಲಿನ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಮಲಗಿವೆ. ಮೂಲೆಯ ತಗಡಿನ ಶೆಡ್ಡಿನಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಬಾನೆಟ್ಟು ತೆರೆದ ಹಳೆಯ ಟ್ಯಾಕ್ಸಿಯೊಳಗೆ ಅರ್ಧ ಮೈ ತೂರಿಸಿಕೊಂಡು ಒಬ್ಬರು ನಿಂತಿದ್ದಾರೆ. ಕೈಯಲ್ಲಿ ಪುಟ್ಟ ಸುತ್ತಿಗೆ. ಟಕ್, ಟಕ್, ಟಕ್. ಮಲಗಿದವರ ಮನೆಯ ಬಾಗಿಲು ತಟ್ಟುವವರ ಹಾಗೆ, ಅಷ್ಟೇ ಮೆಲ್ಲಗೆ ಬಡಿಯುತ್ತಿದ್ದಾರೆ.

ಸುತ್ತಲಿನ ಗ್ಯಾರೇಜುಗಳಿಗೆಲ್ಲ ಇವರು ತುಕ್ಕಣ್ಣ. ಹೆತ್ತವರು ಇಟ್ಟ ಹೆಸರೇನು ಎಂದರೆ, "ಅದಕ್ಕೂ ತುಕ್ಕು ಹಿಡಿದಿದೆ, ಬಿಡಿ" ಎಂದು ನಗುತ್ತಾರೆ. ಎಂಜಿನ್ ಬಿಚ್ಚಿ ಜೋಡಿಸುವವರು ಬೀದಿಗೊಬ್ಬರು ಸಿಕ್ಕಾರು. ಆದರೆ ಜಪ್ಪಯ್ಯ ಅಂದರೂ ಅಲುಗದ ಬೋಲ್ಟು, ಕಚ್ಚಿ ಕೂತ ಪ್ಲಗ್ಗು ಎದುರಾದಾಗ ಅವರೆಲ್ಲ ಕೈಚೆಲ್ಲಿ, "ಇದು ತುಕ್ಕಣ್ಣನ ಕೇಸು" ಎಂದು ಇಲ್ಲಿಗೆ ಸಾಗಹಾಕುತ್ತಾರೆ. ಗಾಡಿ ಓಡಿದರೆ ಹೆಸರು ಗ್ಯಾರೇಜಿನದು. ಇವರ ಮುಖ ಗಾಡಿಯ ಮಾಲೀಕರಿಗೆ ಗೊತ್ತೇ ಇರುವುದಿಲ್ಲ.

ಇವತ್ತಿನ ಹಟಮಾರಿ ಒಂದು ನಿಪ್ಪಲ್. ಎಂಜಿನ್ನಿನ ತಲೆಭಾಗವಾದ ಹೆಡ್ಡಿನಿಂದ ಬಿಸಿನೀರು ಹೊರಬರುವಲ್ಲಿ ತಿರುಗಿಸಿ ಕೂರಿಸಿರುವ, ಹೆಬ್ಬೆರಳು ಗಾತ್ರದ ಕಬ್ಬಿಣದ ಕೊಳವೆ. ಒಳಗೆ ತೂತಾಗಿ ನೀರು ಸೋರುತ್ತಿದೆ. ಮೊದಲು ಕೈಹಾಕಿದವನು ಅವಸರಕ್ಕೆ ಎಳೆದಾಡಿ, ಪಾನ, ಅಂದರೆ ಸ್ಪ್ಯಾನರ್, ಹಿಡಿಯುವ ಅಂಚನ್ನೆಲ್ಲ ಸವೆಸಿಟ್ಟಿದ್ದಾನೆ. ಬುಡದಲ್ಲೇ ಮುರಿದರೆ ಮುಗಿಯಿತು. ಇಂಥ ಹೆಡ್ಡು ಈಗ ಹುಡುಕಿದರೂ ಸಿಗುವುದಿಲ್ಲ, ಟ್ಯಾಕ್ಸಿ ನೇರ ಗುಜರಿಗೆ. ಟ್ಯಾಕ್ಸಿಯ ಮುದಿ ಚಾಲಕ ಹೊರಗೆ ಟೈರಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಾನೆ.

ಆದರೆ ಈ ಶೆಡ್ಡಿನಲ್ಲಿ ಇವತ್ತು ನಿಜವಾಗಿ ಪಣಕ್ಕೆ ಬಿದ್ದಿರುವುದು ಟ್ಯಾಕ್ಸಿಯಲ್ಲ. ಹೆಂಡತಿ ತೀರಿಕೊಂಡ ಮೇಲೆ ತುಕ್ಕಣ್ಣ ಕೈಹಾಕಿದ ಮೊದಲ ಕೆಲಸ ಇದು. "ಇದೊಂದು ನೋಡಿಬಿಡ್ತೀನಿ. ಆಗ್ಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ," ಎನ್ನುತ್ತಾರೆ ಸುತ್ತಿಗೆ ಕೆಳಗಿಟ್ಟು.

ಹೆಂಡತಿಗೂ ಬೋಲ್ಟಿಗೂ ಎತ್ತಣ ನಂಟು ಅನ್ನಬೇಡಿ. ಚಿಕ್ಕಂದಿನಿಂದ ತಗಡಿನ ಸೂರಿನ ಕೆಳಗೆ ಸುತ್ತಿಗೆ ಬಡಿದೂ ಬಡಿದೂ ತುಕ್ಕಣ್ಣನ ಕಿವಿ ಮಂದವಾಗಿದೆ. ಹತ್ತಿರ ನಿಂತು ಗಟ್ಟಿಯಾಗಿ ಮಾತಾಡಿದರೆ ತಿಳಿಯುತ್ತದೆ, ಸಣ್ಣ ಸದ್ದು ಕೇಳಿಸುವುದಿಲ್ಲ. ಈ ಕಸುಬಿಗೆ ಬೇಕಾದದ್ದೇ ಆ ಸಣ್ಣ ಸದ್ದು. "ಬಿಚ್ಕೊಳ್ಳೋದಾದ್ರೆ ಕಿರ್ ಅಂತ ಗೊಣಗುತ್ತೆ. ಮುರಿಯೋದಾದ್ರೆ ಸುಮ್ನಾಗ್ಬಿಡುತ್ತೆ. ಮನುಷ್ಯರೂ ಹಂಗೇ ಅಲ್ವಾ? ಗೊಣಗೋ ತನಕ ಭಯ ಇಲ್ಲ."

ಹಾಗಾಗಿ ಹೆಂಡತಿ ಇವರ ಕಿವಿಯಾದರು. ಬೆನ್ನ ಹಿಂದೆ ನಿಂತು ಭುಜದ ಮೇಲೆ ಕೈಯಿಡುವುದು. ಒಮ್ಮೆ ತಟ್ಟಿದರೆ ಮುಂದುವರಿಸು, ಎರಡು ಸಲ ತಟ್ಟಿದರೆ ನಿಲ್ಲಿಸು. ಬೀದಿಯ ಗದ್ದಲದಲ್ಲಿ ಸದ್ದು ತಪ್ಪಿಹೋಗಬಾರದೆಂದು ನಸುಕಿನಲ್ಲೇ ಕೆಲಸ. ಒಲೆಯ ಮೇಲೆ ಅನ್ನ ಬೇಯಲಿಟ್ಟು ಬಂದು ನಿಲ್ಲುತ್ತಿದ್ದರಂತೆ. "ಬೇಗ ಬಿಚ್ರೀ, ತಳ ಹಿಡಿದ್ರೆ ಅದನ್ನ ಬಿಡಿಸೋದೂ ನಿಮ್ಮ ಕೆಲಸಾನೇ" ಎಂದು ರೇಗಿಸುತ್ತಿದ್ದರಂತೆ. ಹೇಳುತ್ತಾ ತುಕ್ಕಣ್ಣ ನಗಲು ಹೋಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಇವತ್ತು ಬೆನ್ನ ಹಿಂದೆ ನಿಂತಿರುವುದು ಮಗಳು. ಬಟ್ಟೆ ಹೊಲಿಯುವ ಕೆಲಸ ಆಕೆಯದು. ಹೋಗುವ ದಾರಿಯಲ್ಲಿ ಬಂದಿದ್ದಾಳೆ. ಅಪ್ಪನ ಭುಜದ ಮೇಲೆ ಕೈಯಿಡುತ್ತಾಳೆ.

ತುಕ್ಕಣ್ಣ ನಿಪ್ಪಲ್ಲಿನ ಬುಡಕ್ಕೆ ಬೆಂಕಿ ಹಿಡಿಯುತ್ತಾರೆ. ಕಾದ ಬುಡಕ್ಕೆ ಮೇಣದಬತ್ತಿ ಒತ್ತಿದರೆ ಮೇಣ ಕರಗಿ ಸಂದಿಗೆ ಇಳಿಯುತ್ತದೆ. ಪೈಪ್ ಪಾನ ಹಾಕಿ, ಮೊದಲು ಬಿಚ್ಚುವುದಿಲ್ಲ, ಕೂದಲೆಳೆಯಷ್ಟು ಬಿಗಿ ಮಾಡುತ್ತಾರೆ. "ಅದಕ್ಕೂ ಸ್ವಲ್ಪ ಮರ್ಯಾದೆ ಕೊಡ್ಬೇಕು. ಬಂದ ತಕ್ಷಣ ಎದ್ದೇಳು ಅಂದ್ರೆ ಯಾರು ಏಳ್ತಾರೆ?" ಆಮೇಲೆ ಎಡಕ್ಕೆ ಒತ್ತು ಕೊಡುತ್ತಾರೆ.

ಮಗಳು ಒಮ್ಮೆ ತಟ್ಟುತ್ತಾಳೆ. ಮತ್ತೊಮ್ಮೆ ಒತ್ತು. ಇದ್ದಕ್ಕಿದ್ದಂತೆ ಎರಡು ತಟ್ಟು! ತುಕ್ಕಣ್ಣನ ಕೈ ಅಲ್ಲೇ ನಿಲ್ಲುತ್ತದೆ. ಮತ್ತೆ ಬೆಂಕಿ, ಮತ್ತೆ ಮೇಣ, ಮತ್ತೆ ಟಕ್ ಟಕ್. ಬೀದಿಯಲ್ಲಿ ಹಾಲಿನವನು ಬಂದು ಹೋಗುವಷ್ಟು ಹೊತ್ತು ಇದೇ ನಡೆಯುತ್ತದೆ. ಕೊನೆಗೆ ನಿಪ್ಪಲ್ ಕಾಲು ಸುತ್ತು ತಿರುಗುತ್ತದೆ, ಅರ್ಧ ಸುತ್ತು, ಆಮೇಲೆ ಇಡಿಯಾಗಿ ಕೈಗೆ ಬರುತ್ತದೆ. ಹೊರಗಿದ್ದ ಚಾಲಕ "ಅಬ್ಬಾ!" ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ.

ತುಕ್ಕಣ್ಣ ಮಗಳ ಕಡೆ ತಿರುಗುತ್ತಾರೆ. ಮುಖ ಅರಳಿದೆ. "ನೋಡ್ದೇನೇ? ಅಮ್ಮನ ಕಿವೀನೇ ಬಂದಿದೆ ನಿಂಗೆ."

ಮಗಳು ಥಟ್ಟನೆ ಅತ್ತುಬಿಡುತ್ತಾಳೆ. "ನಾನು ಸದ್ದು ಕೇಳ್ಲಿಲ್ಲಪ್ಪ," ಎನ್ನುತ್ತಾಳೆ, ಅವರ ಕಿವಿಯ ಹತ್ತಿರ ಬಂದು, ಗಟ್ಟಿಯಾಗಿ. "ನಿನ್ನ ಕತ್ತು ನೋಡ್ತಿದ್ದೆ. ಮುರಿಯೋ ಹಂಗಾದ್ರೆ ನಿನ್ನ ಕೈಗೆ ಮೊದ್ಲೇ ಗೊತ್ತಾಗುತ್ತೆ, ಉಸಿರು ಹಿಡೀತೀಯ, ಕತ್ತಿನ ನರ ಎದ್ದು ಕಾಣುತ್ತೆ. ಆಗ ಎರಡು ಸಲ ತಟ್ಟು ಅಂತ ಅಮ್ಮ ಆಸ್ಪತ್ರೆ ಸೇರೋ ಮುಂಚೆ ಹೇಳ್ಕೊಟ್ಟಿದ್ಲು. ಅಮ್ಮನೂ ಹಂಗೇ ಮಾಡ್ತಿದ್ದಿದ್ದು. ಅವಳಿಗೂ ಕಿವಿ ಹೋಗಿತ್ತು ಅಪ್ಪ. ಇದೇ ಶೆಡ್ಡು, ಇದೇ ಸುತ್ತಿಗೆ. ಕೊನೆಕೊನೆಗೆ ಹತ್ರ ನಿಂತು ಜೋರಾಗಿ ಕೂಗಿದ್ರೆ ಮಾತ್ರ ಕೇಳಿಸ್ತಿತ್ತು. ನಿಂಗೆ ಹೇಳಿದ್ರೆ ಧೈರ್ಯ ಕಳ್ಕೊಂಡ್ಬಿಡ್ತೀಯ ಅಂತ ನನ್ನ ಬಾಯಿ ಕಟ್ಟಿಹಾಕಿದ್ಲು."

ತುಕ್ಕಣ್ಣ ಸುಟ್ಟು ಕಪ್ಪಾದ ನಿಪ್ಪಲ್ಲನ್ನು ಚಿಂದಿ ಬಟ್ಟೆಯಲ್ಲಿ ಒರೆಸುತ್ತಾರೆ, ಒರೆಸುತ್ತಲೇ ಇರುತ್ತಾರೆ. ಚಾಲಕ ಒಳಗೆ ಬಂದವನು ಅವರ ಮುಖ ನೋಡಿ ಹಾಗೇ ಹೊರಗೆ ಹೋಗುತ್ತಾನೆ.

"ಮಾತಾಡಿಸಿದ್ರೆ ಉತ್ತರ ಬರ್ತಿರ್ಲಿಲ್ಲ," ಎನ್ನುತ್ತಾರೆ ಕೊನೆಗೆ. "ಅವಳು ಹೇಳಿರ್ತಾಳೆ, ನಂಗೇ ಕೇಳಿಸ್ಲಿಲ್ಲ ಅಂದ್ಕೊಳ್ತಿದ್ದೆ."

ಹೊಸ ನಿಪ್ಪಲ್ ಕೂರಿಸಿ, ನೀರು ತುಂಬಿಸಿ, ಟ್ಯಾಕ್ಸಿ ಹೊರಡುವ ಹೊತ್ತಿಗೆ ಬಿಸಿಲು ಶೆಡ್ಡಿನೊಳಗೆ ಬಂದಿದೆ. ಮಗಳು ಕೆಲಸಕ್ಕೆ ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಾಳೆ. ನಾಳೆಯೂ ಬರುತ್ತೇನೆ ಎನ್ನುತ್ತಾಳೆ. ತುಕ್ಕಣ್ಣ ಬರಬೇಡ ಅನ್ನುವುದಿಲ್ಲ. ಶೆಡ್ಡಿಗೆ ಬೀಗ ಹಾಕುವ ಮಾತನ್ನೂ ಎತ್ತುವುದಿಲ್ಲ. ಈ ಕಸುಬಿನಲ್ಲಿ ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಬರುವ ಉತ್ತರ ಕಸುಬಿನದಲ್ಲ.

"ಆಸ್ಪತ್ರೇಲಿ ಕೊನೇ ದಿನ ಅವಳ ಕಿವಿ ಹತ್ರ ಬಗ್ಗಿ ಒಂದು ಮಾತು ಹೇಳ್ದೆ. ಮದುವೆಯಾದಾಗಿಂದ ಹೇಳ್ದೇ ಇದ್ದ ಮಾತು. ಅವಳು ನನ್ನ ಮುಖ ನೋಡಿ ಭುಜದ ಮೇಲೆ ಒಂದ್ಸಲ ತಟ್ಟಿದ್ಲು. ಕೇಳಿಸ್ತು ಅಂದ್ಕೊಂಡೆ." ಚಿಂದಿ ಬಟ್ಟೆಯನ್ನು ಮಡಿಸಿ ಮೊಳೆಗೆ ಸಿಕ್ಕಿಸುತ್ತಾರೆ. "ಪಕ್ಕದ ಹಾಸಿಗೆಯವರು ನಿದ್ದೆ ಮಾಡ್ತಿದ್ರು ಅಂತ ಮೆಲ್ಲಗೆ ಹೇಳ್ಬಿಟ್ಟೆ. ಜೋರಾಗಿ ಹೇಳ್ಬೇಕಿತ್ತು. ಎದ್ರೆ ಎದ್ಕೊಳ್ಲಿ, ಜೋರಾಗಿ ಹೇಳ್ಬೇಕಿತ್ತು."