ಉಪ್ಪಿನ ಶಾಖ

ನಿನ್ನೆ ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದರೆ ಮನೆಯೊಳಗಿಂದ ಕಾದ ಉಪ್ಪಿನ ವಾಸನೆ ಬಂತು. ಉಪ್ಪಿಗೆ ವಾಸನೆ ಎಲ್ಲಿಯದು ಎಂದು ನೀವು ಕೇಳಬಹುದು. ಬರೀ ಉಪ್ಪಿಗೆ ಇಲ್ಲ. ಹರಳುಪ್ಪನ್ನು ಕಬ್ಬಿಣದ ಹಂಚಿನ ಮೇಲೆ ಚಟಪಟ ಅನ್ನುವ ತನಕ ಹುರಿದು, ಒಂದು ಚಿಟಿಕೆ ಅಜವಾನ ಉದುರಿಸಿ, ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿದರೆ ಬಟ್ಟೆ ತುಸು ಸೀದು ಒಂದು ವಾಸನೆ ಏಳುತ್ತದೆ. ನೋವಿದ್ದ ಕಡೆ ಅದರಿಂದ ಶಾಖ ಕೊಡುತ್ತಾರೆ. ನಮ್ಮ ಮನೆಯಲ್ಲಿ ಆರು ವರ್ಷದಿಂದ ಆ ವಾಸನೆ ಎದ್ದಿರಲಿಲ್ಲ. ಸೊಂಟ ಹಿಡಿದರೆ ನಾನು ಅಂಗಡಿಯ ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಿದ್ದೆ. ನನ್ನ ಹೆಂಡತಿ ಸುಮಾಗೆ ಕಾರಣ ಗೊತ್ತಿದ್ದುದರಿಂದ ಅವಳೂ ಕೇಳುತ್ತಿರಲಿಲ್ಲ.

ಕಾರಣದ ಹೆಸರು ವಿಲ್ಮಾರ್.

ಎರಡು ಸಾವಿರದ ಹದಿಮೂರರ ಬೇಸಿಗೆ. ನಾವು ಟೆಕ್ಸಸ್‌ನ ಫ್ರಿಸ್ಕೋದ ಈ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಹುಲ್ಲಿನ್ನೂ ಬೇರು ಬಿಟ್ಟಿರಲಿಲ್ಲ, ಬೀದಿಯ ಮರಗಳು ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು. ಪಕ್ಕದ ಮನೆಯ ಡಾನಾ ಎಂಬಾಕೆ ಆಟಗಾರರಿಗೆ ಉಳಿಯಲು ಮನೆ ಹುಡುಕಿಕೊಡುತ್ತಿದ್ದಳು. ಅವಳು ಬಂದು, ಚಿಕ್ಕ ಬೇಸ್‌ಬಾಲ್ ತಂಡವೊಂದರ ಹುಡುಗನನ್ನು ಒಂದು ಸೀಸನ್ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. ದೊಡ್ಡ ತಂಡಕ್ಕೆ ಏರುವ ಮೊದಲು ಆಟಗಾರರು ಇಂಥ ಚಿಕ್ಕ ತಂಡಗಳಲ್ಲಿ ವರ್ಷಗಟ್ಟಲೆ ಆಡುತ್ತಾರೆ. ಸಂಬಳ ಕಡಿಮೆ, ಹಾಗಾಗಿ ಊರಿನ ಮನೆಗಳಲ್ಲಿ ಉಳಿಯುತ್ತಾರೆ. ನಾನು ಹಿಂದುಮುಂದು ನೋಡದೆ ಹೂಂ ಅಂದೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ನಾನೂ ಕ್ರಿಕೆಟ್ ತಂಡದಲ್ಲಿದ್ದವನು. ಹನ್ನೆರಡನೆಯವನು, ನೀರು ಹೊರುವವನು. ಆದರೂ ಚೆಂಡು ಎಸೆಯುವವರ ಬಗ್ಗೆ ನನಗೆಲ್ಲ ಗೊತ್ತು ಎಂಬ ಭ್ರಮೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ವಿಲ್ಮಾರ್ ಬಂದ. ಡೊಮಿನಿಕನ್ ಹುಡುಗ, ಚೆಂಡು ಎಸೆಯುವವನು, ಇಪ್ಪತ್ತು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹದಿನಾರಕ್ಕೇ ತಂಡದ ಕರಾರಿಗೆ ಸಹಿ ಹಾಕಿದವನು. ಅವನ ದ್ವೀಪದಲ್ಲಿ ಅದೇ ರೂಢಿಯಂತೆ. ಹನ್ನೆರಡು ಹದಿಮೂರಕ್ಕೆ ಶಾಲೆ ಬಿಟ್ಟು ಚೆಂಡು ಹಿಡಿಯುವುದು, ತಂಡದವರು ಬಂದು ವೇಗ ಅಳೆಯುವುದು, ಹದಿನಾರಕ್ಕೆ ಅಪ್ಪ ಅಮ್ಮನ ಎದುರು ಸಹಿ. ಪ್ರತಿ ತಂಡವೂ ವರ್ಷವರ್ಷವೂ ಇಂಥ ಹುಡುಗರನ್ನು ಗುಂಪಾಗಿ ಸೇರಿಸಿಕೊಳ್ಳುತ್ತದೆ. ಮೇಲಿನ ತನಕ ಹೋಗುವವರು ಬೆರಳೆಣಿಕೆ. ಉಳಿದವರು ಎಲ್ಲಿ ಹೋಗುತ್ತಾರೆ ಎಂದು ನಾನು ಡಾನಾಳನ್ನು ಕೇಳಿದ್ದೆ. "ಮನೆಗೆ" ಅಂದಿದ್ದಳು.

ಆ ವರ್ಷ ಅವ್ವ ಧಾರವಾಡದಿಂದ ಆರು ತಿಂಗಳಿಗೆ ಬಂದಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೂ ಅಷ್ಟಕ್ಕಷ್ಟೇ. ಅದೇ ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವರು ಅವರಿಬ್ಬರೇ. ಅವಳು ಅವನನ್ನು ತಮ್ಮಾ ಅನ್ನುವಳು, ಅವನು ಅಜ್ಜಿ ಅನ್ನುವನು. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತಿ ಎಂಟು ತಿನ್ನುವನು. ಕೋಳಿ ತಂದ ದಿನ ಮಾತ್ರ ಗರಾಜಿನಲ್ಲಿ ಮಡಚುವ ಮೇಜು ಹಾಕಿಕೊಂಡು ಕೂರುವನು. ಅವ್ವ ಬಾಗಿಲಲ್ಲಿ ನಿಂತು, ಮೂಗಿಗೆ ಸೆರಗು ಹಿಡಿದು, "ಹೊಟ್ಟಿ ತುಂಬ ತಿನ್ನಪಾ" ಅನ್ನುವಳು.

ಒಮ್ಮೆ ಫೋನಿನಲ್ಲಿ ತನ್ನ ಊರಿನ ಮನೆ ತೋರಿಸಿದ. ಸಹಿ ಹಾಕಿದಾಗ ತಂಡ ಕೊಟ್ಟ ದುಡ್ಡಿನಲ್ಲಿ ಅಮ್ಮನಿಗೆ ಕಟ್ಟಿಸಿದ್ದು. ನೀಲಿ ಬಣ್ಣ, ಚೊಕ್ಕ ಮನೆ, ತಾರಸಿಯ ಮೇಲೆ ಕಂಬಗಳಿಂದ ಕಬ್ಬಿಣದ ಸರಳುಗಳು ಎದ್ದು ನಿಂತಿದ್ದವು. ಅವ್ವ ಕನ್ನಡಕ ಏರಿಸಿ ನೋಡಿದಳು.

"ನಮ್ಮ ಓಣ್ಯಾಗಿನ ಮನಿ ಇದ್ದಂಗ ಐತಿ. ಮ್ಯಾಲಿಂದು ಯಾವಾಗ ಕಟ್ಟಿಸ್ತಾನಂತ ಕೇಳು."

ನಾನು ಕೇಳಿದೆ. ಅವನು ಬೆರಳನ್ನು ಆಕಾಶದ ಕಡೆ ತೋರಿಸಿದ. ದೊಡ್ಡ ತಂಡಕ್ಕೆ ಏರಿದ ಮೇಲೆ ಎಂದರ್ಥ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಬೇಸರಪಡಬೇಡಿ. ಟೆಕ್ಸಸ್‌ನ ಕನ್ನಡಿಗರ ನಡುವೆ ನನಗೊಂದು ಹೆಸರಿದೆ, ಫಾರ್ಮ್ ತುಂಬುವುದರಲ್ಲಿ. ವೀಸಾ, ಗ್ರೀನ್ ಕಾರ್ಡ್, ಅತ್ತೆ ಮಾವನ ಇನ್ಶೂರೆನ್ಸ್, ಏನೇ ಇರಲಿ, ದೂರದ ಕ್ಲಿಯರ್ ಲೇಕ್‌ನಿಂದಲೂ ಲಿಯಾಂಡರ್‌ನಿಂದಲೂ ಫೋನ್ ಬರುತ್ತದೆ. ನಮ್ಮ ಮಂದಿಗೆ ನಾನು ಕಲಿಸಿದ ಮಂತ್ರ ಒಂದೇ: ಕೇಳಿದಷ್ಟಕ್ಕೆ ಉತ್ತರ ಕೊಡಿ, ಮೇಲೆ ಒಂದಕ್ಷರ ಬೇಡ. ಹೌದು, ಇಲ್ಲ ಎಂದು ಎರಡು ಸಾಲು ಚೌಕಗಳಿದ್ದರೆ ಇಲ್ಲ ಎಂಬ ಸಾಲಿನಲ್ಲಿ ಕಣ್ಣುಮುಚ್ಚಿ ಇಳಿಯಿರಿ. ಒಂದು ಹೌದು ಅಂದರೆ ಮೂರು ಪ್ರಶ್ನೆ ಹುಟ್ಟುತ್ತವೆ. ವೀಸಾದ ಮೇಲೆ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮೊದಲ ಪ್ರಾಜೆಕ್ಟಿನಲ್ಲಿ ಮೈ ಕೆಂಡವಾಗಿದ್ದರೂ ಆಫೀಸಿಗೆ ಹೋಗಿ, ಹೇಗಿದ್ದೀಯ ಅಂದವರಿಗೆಲ್ಲ ಚೆನ್ನಾಗಿದ್ದೀನಿ ಅಂದವನು ನಾನು. ಕೆಲಸ ಹೋದರೆ ದೇಶವೇ ಹೋದ ಹಾಗೆ ಎಂಬ ಕಾಲ.

ಜುಲೈನಲ್ಲಿ ಒಂದು ಬೆಳಗ್ಗೆ ವಿಲ್ಮಾರ್ ಎಡಗೈಯಲ್ಲಿ ಚಮಚ ಹಿಡಿದು ಅವಲಕ್ಕಿ ತಿನ್ನುತ್ತಿದ್ದ. ಅವನು ಬಲಗೈಯವನು. ಮೊದಲು ನೋಡಿದವಳು ಅವ್ವ. ಮೊಣಕೈಯ ಒಳಮಗ್ಗುಲು ಮುಟ್ಟಿದಳು, ಅವನು ಹಲ್ಲು ಕಚ್ಚಿದ.

"ನರ ಬಿಗದಾವ. ಉಪ್ಪು ಕಾಸಿ ಶಾಖ ಕೊಟ್ರ ಕಡಿಮಿ ಆಕ್ಕೈತಿ" ಅಂದಳು.

"ತಂಡದ ಡಾಕ್ಟರಿಗೆ ತೋರಿಸಬೇಕಲ್ವಾ?" ಅಂದಳು ಸುಮಾ.

ವಿಲ್ಮಾರ್‌ಗೆ ಡಾಕ್ಟರ್ ಎಂಬ ಶಬ್ದ ಗೊತ್ತಾಯಿತು. ನನ್ನ ಮುಖ ನೋಡಿ, "ನೋ ಟೆಲ್ ಕೋಚ್. ಪ್ಲೀಸ್, ಸರ್" ಅಂದ. ನಾನು ಅವನ ಮುಖದಲ್ಲಿ ಜ್ವರ ಹೊತ್ತು ಆಫೀಸಿಗೆ ಹೋಗುತ್ತಿದ್ದ ನನ್ನನ್ನೇ ಕಂಡೆ. "ನೋ ಟೆಲ್" ಅಂದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ.

ಅಂದಿನಿಂದ ದಿನಾ ಬೆಳಗ್ಗೆ ಅಡುಗೆಮನೆಯಲ್ಲಿ ಅದೇ ಕೆಲಸ. ಅವ್ವ ಹರಳೆಣ್ಣೆ ಸವರಿ, ಗಂಟನ್ನು ತನ್ನ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡಿ, ಒತ್ತೊತ್ತಿ ತೆಗೆಯುವಳು. ಆಗ ಹತ್ತು ವರ್ಷದವಳಾಗಿದ್ದ ಮಗಳು ಅನನ್ಯಾ ಹಂಚು ಕಾಯಿಸುವುದನ್ನು ಕಲಿತಳು. ಕೈ ನಿಜಕ್ಕೂ ಹಗುರಾಗುತ್ತಿತ್ತು. ಹಗುರಾದದ್ದಕ್ಕೆ ಅವನು ಮೈದಾನಕ್ಕೆ ಹೋಗಿ ಮತ್ತೆ ಎಸೆಯುತ್ತಿದ್ದ. ಗೆದ್ದ ದಿನ ಬಂದು ಅವ್ವನ ಕಾಲು ಮುಟ್ಟುವನು, ಅದನ್ನೂ ಅನನ್ಯಾಳೇ ಕಲಿಸಿದ್ದು. ನಾನು ಡಾಲಸ್‌ನ ಗೆಳೆಯರ ಮುಂದೆ ಧಾರವಾಡದ ವೈದ್ಯದ ಬಗ್ಗೆ ಜಂಬ ಕೊಚ್ಚಿಕೊಂಡೆ. ಆಗಸ್ಟಿನಲ್ಲಿ ಅವನ ಚೆಂಡಿನ ವೇಗ ಇಳಿದಿದ್ದು ಮೈದಾನದ ಬೋರ್ಡಿನ ಮೇಲೆ ಕಾಣುತ್ತಿತ್ತು. ದಣಿವು, ಟೆಕ್ಸಸ್ ಬಿಸಿಲು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಸೀಸನ್ ಮುಗಿಯುವ ವಾರ ಅವನೊಂದು ಫಾರ್ಮ್ ತಂದ. ತಂಡದ್ದು, ಎಲ್ಲಿ ನೋವಿದೆ ಎಂದು ಮನೆಗೆ ಹೋಗುವ ಮುಂಚೆ ಪ್ರತಿ ಆಟಗಾರನೂ ತುಂಬಬೇಕಾದದ್ದು. ಅವನ ಭಾಷೆ ಸ್ಪ್ಯಾನಿಷ್‌ನಲ್ಲೂ ಇತ್ತು, ಅವನೇ ತುಂಬಬಹುದಿತ್ತು. ಆದರೆ ಈ ಮನೆಯಲ್ಲಿ ಫಾರ್ಮ್ ಯಾರ ಕೆಲಸ ಎಂದು ಅವನಿಗೆ ಗೊತ್ತಿತ್ತು. ಪೆನ್ನನ್ನು ನನ್ನ ಮುಂದಿಟ್ಟ. ತಲೆಸುತ್ತು? ಇಲ್ಲ. ಭುಜ? ಇಲ್ಲ. ಮೊಣಕೈ? ನನ್ನ ಪೆನ್ನು ನಿಂತಿತು, ಅಷ್ಟು ಪ್ರಾಮಾಣಿಕತೆ ನನ್ನಲ್ಲಿತ್ತು. ತಲೆ ಎತ್ತಿ ಅವನನ್ನು ನೋಡಿದೆ. ಅವನು ನೀವೇ ತಿಳಿದವರು ಎಂಬಂತೆ ನನ್ನನ್ನೇ ನೋಡಿದ. ಇಲ್ಲ ಎಂದು ಗುರುತು ಹಾಕಿದೆ. ಕೆಳಗೆ ಅವನು ದುಂಡಗೆ ಸಹಿ ಮಾಡಿದ.

ಡಿಸೆಂಬರಿನಲ್ಲಿ, ವೇಗ ಇಳಿದಿದೆ ಎಂದು, ತಂಡ ಅವನನ್ನು ಕೈಬಿಟ್ಟಿತು. ಡಾನಾ ಬೇಲಿಯಾಚೆಯಿಂದಲೇ ಸುದ್ದಿ ಹೇಳಿದಳು. ಊರಿಗೆ ಹೋದ ಮೇಲೆ ಅವನು ಡಾಕ್ಟರಿಗೆ ತೋರಿಸಿದನಂತೆ, ಮೊಣಕೈಯ ಒಳಗೆ ಎಲುಬುಗಳನ್ನು ಹಿಡಿದಿಡುವ ಕಟ್ಟು ಹರಿದಿತ್ತಂತೆ. ಅರ್ಧ ಹರಿದದ್ದರ ಮೇಲೆ ಎಸೆದೆಸೆದು ಪೂರ್ತಿ ಮಾಡಿಕೊಂಡದ್ದು.

"ಒಂದು ಮಾತು ಹೇಳಿದ್ದರೆ ತಂಡವೇ ಆಪರೇಷನ್ ಮಾಡಿಸಿ, ವಾಸಿಯಾಗುವ ತನಕ ಇಟ್ಟುಕೊಳ್ಳುತ್ತಿತ್ತು. ಈ ಹುಡುಗರು ಯಾಕೆ ಬಾಯಿ ಬಿಡೋದಿಲ್ಲವೋ" ಅಂದಳು.

ನಾನು ಹುಲ್ಲಿಗೆ ನೀರು ಬಿಡುತ್ತಿದ್ದೆ. ಬಿಡುತ್ತಲೇ ಇದ್ದೆ. ನಾನೇ ಬಾಯಿ ಮುಚ್ಚಿಸಿದೆ ಎಂದು ಅವಳಿಗೆ ಇವತ್ತಿಗೂ ಹೇಳಿಲ್ಲ. ನಾಚಿಕೆಯಾಗುತ್ತದೆ. ಹೌದು ಅಂದಿದ್ದರೆ ಅವನು ದೊಡ್ಡ ತಂಡಕ್ಕೆ ಏರುತ್ತಿದ್ದನೆಂದು ನಾನು ಹೇಳುವುದಿಲ್ಲ, ಏರದವರೇ ಹೆಚ್ಚು. ಆದರೆ ಅವನಿಗೆ ಇನ್ನೊಂದು ವರ್ಷ ಇತ್ತು, ಸರಿಯಾದ ಒಂದು ಕೈ ಇತ್ತು. ಎರಡನ್ನೂ ನನ್ನ ಜಾಣತನ ತಿಂದಿತು. ಅವ್ವ ಧಾರವಾಡದಿಂದ ಫೋನ್ ಮಾಡಿದಾಗಲೆಲ್ಲ, "ಆ ತಮ್ಮನ ಕೈ ಹೆಂಗೈತಿ?" ಅನ್ನುತ್ತಾಳೆ. ಚಲೋ ಐತಿ ಅನ್ನುತ್ತೇನೆ. ತನ್ನ ಕೈಯಾರೆ ಶಾಖ ಕೊಟ್ಟವಳಿಗೆ ಬೇರೆ ಏನು ಹೇಳಲಿ?

ವಿಲ್ಮಾರ್ ಈಗ ತನ್ನ ಊರಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಬೈಕ್ ಓಡಿಸುತ್ತಾನೆ. ಹೋದ ವರ್ಷ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಅದೇ ನೀಲಿ ಮನೆ. ತಾರಸಿಯ ಸರಳುಗಳಿಗೆ ತುಕ್ಕು ಹಿಡಿದಿತ್ತು, ಯಾರೋ ಬಟ್ಟೆ ಒಣಗಿಸಲು ಹಗ್ಗ ಕಟ್ಟಿದ್ದರು. ಕೆಳಗೆ ಒಂದು ಸಾಲು: ಹ್ಯಾಂಡಲ್ ಹಿಡಿದರೆ ಕೈ ನೋಯುತ್ತದೆ, ಉಪ್ಪು ಎಷ್ಟು ಹೊತ್ತು ಕಾಯಿಸಬೇಕು ಎಂದು ಅಜ್ಜಿಯನ್ನು ಕೇಳಿ ಹೇಳಿ. ಬೈದಿದ್ದರೆ ಒಳ್ಳೆಯದಿತ್ತು. ನಾನು ಅವ್ವನನ್ನು ಕೇಳಲಿಲ್ಲ. ಐದು ನಿಮಿಷ ಎಂದು ನಾನೇ ಬರೆದು ಕಳಿಸಿದೆ.

ನಿನ್ನೆ ಹಂಚಿನ ಮುಂದೆ ನಿಂತಿದ್ದವಳು ಅನನ್ಯಾ. ಈಗ ಹದಿನಾರು, ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾಳೆ. ಬಲಭುಜದ ಮೇಲೆ ಟವಲ್ ಹಾಕಿಕೊಂಡಿದ್ದಳು.

"ಕೋಚ್‌ಗೆ ಹೇಳಿದ್ದೀಯಾ?" ಅಂದೆ.

"ಇಟ್ಸ್ ನಥಿಂಗ್, ಅಪ್ಪಾ. ದೇ ವಿಲ್ ಬೆಂಚ್ ಮಿ."

ಹೇಳಿದರೆ ಆಡಿಸದೆ ಹೊರಗೆ ಕೂರಿಸುತ್ತಾರೆ ಎಂಬ ಭಯ. ಒಲೆಯ ಪಕ್ಕದ ಕಟ್ಟೆಯ ಮೇಲೆ ಶಾಲೆಯ ಫಾರ್ಮ್ ಇತ್ತು. ಎರಡು ಸಾಲು ಚೌಕಗಳು. ಇಲ್ಲ ಎಂಬ ಸಾಲಿನಲ್ಲಿ ಅವಳು ಮೇಲಿನಿಂದ ಕೆಳಗಿನವರೆಗೆ ಎಲ್ಲೂ ನಿಲ್ಲದೆ ಇಳಿದಿದ್ದಳು, ನಾನು ಊರಿಗೆಲ್ಲ ಕಲಿಸಿದ ಹಾಗೆ. ತಂದೆಯ ಸಹಿ ಒಂದು ಬಾಕಿ ಇತ್ತು. ನಾನು ಒಲೆ ಆರಿಸಿದೆ. ಪೆನ್ನು ತೆಗೆದು, ಭುಜ ಎಂದಿದ್ದ ಕಡೆ ಅವಳ ಗುರುತನ್ನು ಹೊಡೆದು, ಹೌದು ಎಂದು ಹಾಕಿ, ಸಹಿ ಮಾಡಿದೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಉಪ್ಪು ಹಂಚಿನ ಮೇಲೆ ಇನ್ನೂ ಒಂದೊಂದಾಗಿ ಸಿಡಿಯುತ್ತಿತ್ತು. ಎಷ್ಟು ಹೊತ್ತಿನ ಕೆಲಸ ಅಂತೀರಿ? ಒಂದು ಗೀಟು, ಒಂದು ಗುರುತು. ಅವತ್ತೂ ಅಷ್ಟೇ ಹೊತ್ತು ಸಾಕಿತ್ತು, ಪೆನ್ನೂ ನನ್ನ ಕೈಯಲ್ಲೇ ಇತ್ತು.